ಅಪ್ಪನ ಕಣ್ಣಿಗೆ ಭತ್ತದ ಹೊಟ್ಟು ಬಡಿದು ಬಿಳಿ ಚುಕ್ಕೆ ಬಂದಿದೆ, ಯಾರಿಗಾದರೂ ಹೀಗಾಗಿತ್ತಾ?

ಒಕ್ಕಣೆ ಮಾಡುವಾಗ ಬಡಿದದ್ದು, ಐದು ದಿನ ಆಯ್ತು. ಕಣ್ಣು ಕೆಂಪಗಿದೆ, ನೀರು ಸುರಿಯುತ್ತೆ, ಬೆಳಕಿಗೆ ಕಣ್ಣು ಬಿಡಲು ಆಗುತ್ತಿಲ್ಲ. ಕಪ್ಪುಗುಡ್ಡೆ ಮೇಲೆ ಬಿಳಿ ಚುಕ್ಕೆ ಕಾಣುತ್ತಿದೆ. ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಹಾಕಿದಾಗ ಕೆಂಪು ಇಳಿದಿತ್ತು, ಈಗ ನೋವು ಜಾಸ್ತಿ. ಇನ್ನೆರಡು ದಿನ ನೋಡೋಣವಾ?

ಉತ್ತರ 1
ನೋಡಬೇಡಿ, ಇವತ್ತೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಮ್ಮ ಮಾವನಿಗೆ ಕಬ್ಬಿನ ಗರಿ ಹೊಡೆದಾಗ ನಾವು ನಂದಿಬಟ್ಟಲು ಹೂ ಇಟ್ಟೆವು, ಪಕ್ಕದ ಮನೆ ಬಾಣಂತಿಯ ಹಾಲು ಹಾಕಿಸಿದೆವು, ಆಮೇಲೆ ಅಂಗಡಿ ಡ್ರಾಪ್ಸ್. ಹತ್ತು ದಿನ ಹೀಗೇ ಹೋಯ್ತು. ಆ ಡ್ರಾಪ್ಸಿನಲ್ಲಿ ಸ್ಟೀರಾಯ್ಡ್ ಇತ್ತು ಅಂತ ಗೊತ್ತಾಗಿದ್ದು ಕಣ್ಣಿನ ಡಾಕ್ಟರು ಬಾಟಲಿ ನೋಡಿದ ಮೇಲೆ. ಸ್ಟೀರಾಯ್ಡ್ ಹಾಕಿದರೆ ಕೆಂಪು ಇಳಿಯುತ್ತೆ, ವಾಸಿಯಾಯ್ತು ಅನ್ಸುತ್ತೆ, ಆದರೆ ಒಳಗೆ ಫಂಗಸ್ (ಬೂಷ್ಟಿನ ಸೋಂಕು) ಇದ್ದರೆ ಅದು ಇನ್ನೂ ಬೆಳೆಯುತ್ತೆ. ಗಿಡ, ಗರಿ, ಹೊಟ್ಟು ತಾಗಿದ ಕಣ್ಣಿಗೆ ಈ ಫಂಗಸ್ಸಿನದೇ ಭಯ.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಮರಗಟ್ಟುವ ಡ್ರಾಪ್ಸ್ ಹಾಕಿ, ಚುಕ್ಕೆ ಮೇಲಿಂದ ಚೂರು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಮಾವ ತುಂಬಾ ಹೆದರಿದ್ದರು, ನೋವೇ ಆಗಲಿಲ್ಲ ಅಂದರು. ಈ ಟೆಸ್ಟ್ ಬೇಡ ಅನ್ನಬೇಡಿ, ಬ್ಯಾಕ್ಟೀರಿಯಾ ಆಗಿದ್ದರೆ ಔಷಧಿಯೇ ಬೇರೆ.

ಮಾವನಿಗೆ ಫಂಗಸ್ ಅಂತ ಬಂತು, ನಾಟಮೈಸಿನ್ 5% ಡ್ರಾಪ್ಸ್ ಬರೆದುಕೊಟ್ಟರು. ಮೊದಲು ಗಂಟೆಗೊಂದು ಹನಿ, ರಾತ್ರಿಯೂ. ಔಷಧಿ ತಳದಲ್ಲಿ ಕೂತಿರುತ್ತೆ, ಪ್ರತಿ ಸಲ ಬಾಟಲಿ ಚೆನ್ನಾಗಿ ಕುಲುಕಬೇಕು. ಅತ್ತೆ, ನಾನು ಅಲಾರಾಂ ಇಟ್ಟುಕೊಂಡು ಸರದಿಯಲ್ಲಿ ಎದ್ದೆವು. ಬೆಳಗ್ಗೆ ನೋಡಿದರೆ ರೆಪ್ಪೆ ಕೂದಲಿಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಮೆತ್ತಿಕೊಂಡಿರುತ್ತಿತ್ತು, ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಅತ್ತೆ ಮೆಲ್ಲಗೆ ಒರೆಸುತ್ತಿದ್ದರು. ಮೊದಲ ವಾರ ಏನೂ ಗುಣ ಕಾಣಲಿಲ್ಲ. ಪೂರ್ತಿ ಆರಲು ಎರಡು ತಿಂಗಳು ಹಿಡಿಯಿತು. ಕಣ್ಣು ಉಳಿಯಿತು, ಆದರೆ ಕಲೆ ಹೋಗಿಲ್ಲ, ಆ ಕಣ್ಣಿಗೆ ಈಗಲೂ ಮಂಜು ಮಂಜು. ಆ ಹತ್ತು ದಿನ ನೆನೆದರೆ ಹೊಟ್ಟೆ ಉರಿಯುತ್ತೆ.

ಉತ್ತರ 2
ನನಗೆ ಇದೇ ಥರ ಆಗಿದ್ದು ಕಾಂಟ್ಯಾಕ್ಟ್ ಲೆನ್ಸ್‌ನಿಂದ. ಲೆನ್ಸ್ ಡಬ್ಬಿಯನ್ನು ನಲ್ಲಿ ನೀರಲ್ಲಿ ತೊಳೆಯುತ್ತಿದ್ದೆ. ಆ ನೀರಲ್ಲಿ ಅಕಾಂತಮೀಬಾ ಅನ್ನೋ ಜೀವಿ ಇರಬಹುದು, ಅದು ಕಣ್ಣಿಗೆ ಹತ್ತಿದರೆ ತಿಂಗಳುಗಟ್ಟಲೆ ಔಷಧಿ ಹಾಕಬೇಕು. ಅಪ್ಪನಿಗೆ ಶುಗರ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಈಗ ಹಾಕುತ್ತಿರುವ ಡ್ರಾಪ್ಸ್ ಬಾಟಲಿಯನ್ನೂ ತಗೊಂಡು ಹೋಗಿ.