ಇಂಗ್ಲೆಂಡಿನ ಮಧ್ಯಕಾಲದ ಹಳ್ಳಿ ಚರ್ಚು: ಖರ್ಚು ಹೊತ್ತವರು ಯಾರು?

ಕಂಬದಸಾಲು:
ಇಂಗ್ಲೆಂಡಿನ ಹಳೇ ಹಳ್ಳಿ ಚರ್ಚುಗಳ ನಕ್ಷೆಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಜನ ಸೇರುವ ನೇವ್ ಎತ್ತರವಾಗಿದೆ, ಕಿಟಕಿಗಳೂ ದೊಡ್ಡವು. ಆದರೆ ಪೂರ್ವದ ತುದಿಯಲ್ಲಿ ಬಲಿಪೀಠವಿರುವ ಚಾನ್ಸೆಲ್ ಎಷ್ಟೋ ಕಡೆ ತಗ್ಗಾಗಿ, ನೇವ್‌ಗಿಂತ ನೂರಿನ್ನೂರು ವರ್ಷ ಹಳೆಯದಾಗಿ ಉಳಿದಿದೆ. ಅತಿ ಪವಿತ್ರ ಭಾಗಕ್ಕೇ ಕಡಿಮೆ ಖರ್ಚು ಯಾಕೆ? ಮೂವತ್ತು ನಲವತ್ತು ಮನೆಗಳ ಹಳ್ಳಿಗೆ ಉಳಿದದ್ದಕ್ಕೆ ದುಡ್ಡು ಎಲ್ಲಿಂದ ಬಂತು? ಊರಿನ ಒಡೆಯ ಕಟ್ಟಿಸಿದ ಅನ್ನುವ ಉತ್ತರ ಸಾಲದು ಅನ್ನಿಸುತ್ತದೆ.

ಸುಣ್ಣದಗೂಡು:
ಎರಡು ಭಾಗಕ್ಕೂ ಯಜಮಾನರು ಬೇರೆ ಬೇರೆ. 13ನೇ ಶತಮಾನದ ಹೊತ್ತಿಗೆ ಗಟ್ಟಿಯಾದ ಕಟ್ಟಳೆ ಇದು: ಚಾನ್ಸೆಲ್ ರಿಪೇರಿ ರೆಕ್ಟರನ ಪಾಲು, ನೇವ್ ಮತ್ತು ಸ್ಮಶಾನದ ಬೇಲಿ ಊರವರ ಪಾಲು. ಪೂಜೆಯ ಪುಸ್ತಕ, ಉಡುಪುಗಳಲ್ಲಿ ಹೆಚ್ಚಿನವೂ ಊರವರ ತಲೆಗೇ. ರೆಕ್ಟರ್ ಅಂದರೆ ದವಸ, ಹುಲ್ಲಿನ ದೊಡ್ಡ ದಶಾಂಶಕ್ಕೆ (ಚರ್ಚಿಗೆ ಸಲ್ಲಬೇಕಾದ ಹತ್ತರಲ್ಲೊಂದು ಪಾಲಿಗೆ) ಹಕ್ಕುದಾರ. ಎಷ್ಟೋ ಊರುಗಳಲ್ಲಿ ಆ ಹಕ್ಕನ್ನು ದೂರದ ಮಠವೊಂದು ಪಡೆದುಕೊಂಡು, ಪೂಜೆಗೆ ತನ್ನ ಬದಲು ಒಬ್ಬ ‘ವಿಕರ್’ ಪಾದ್ರಿಯನ್ನು ಇಟ್ಟು, ಅವನಿಗೆ ಉಣ್ಣೆ, ಕುರಿಮರಿಯಂಥ ಸಣ್ಣ ದಶಾಂಶ ಬಿಟ್ಟುಕೊಡುತ್ತಿತ್ತು. ಫಸಲು ಮಠಕ್ಕೆ ಹೋದ ಮೇಲೆ ಆ ಊರಿನ ಚಾನ್ಸೆಲ್ ಅಂದಗೊಳಿಸುವ ತುರ್ತು ಅವರಿಗಿರಲಿಲ್ಲ. ಮಳೆ ಸೋರದಿದ್ದರೆ ಸಾಕಿತ್ತು.

ಈ ಕಟ್ಟಳೆ ಇನ್ನೂ ಸತ್ತಿಲ್ಲ. 1536ರಿಂದ 1540ರ ನಡುವೆ ಮಠಗಳು ಮುಚ್ಚಿದಾಗ ದಶಾಂಶದ ಹಕ್ಕಿನ ಜೊತೆಗೆ ರಿಪೇರಿಯ ಹೊಣೆಯೂ ಭೂಮಿ ಕೊಂಡವರಿಗೆ ದಾಟಿತು. ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋದಲ್ಲಿ ಒಂದು ಹೊಲದ ಮಾಲೀಕರು ಚಾನ್ಸೆಲ್ ರಿಪೇರಿಗೆ ಹೊಣೆ ಎಂದು ಆಗ ದೇಶದ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2003ರಲ್ಲಿ ತೀರ್ಪು ಕೊಟ್ಟಿತು.

ಗೋಪುರದ ಪೂರ್ವ ಗೋಡೆಯನ್ನೂ ನೋಡಿ. ಎಷ್ಟೋ ಕಡೆ ಈಗಿನ ಚಾವಣಿಗಿಂತ ಮೇಲೆ, ಕಲ್ಲಿನಲ್ಲಿ ತಲೆಕೆಳಗಾದ ‘ವಿ’ ಆಕಾರದ ಏಣು ಕಾಣುತ್ತದೆ. ಅದು ಹಿಂದಿನ ಕಡಿದಾದ ಚಾವಣಿಯ ಗುರುತು. 15ನೇ ಶತಮಾನದಲ್ಲಿ ಊರವರು ಅದನ್ನು ಕಿತ್ತು, ಗೋಡೆ ಎತ್ತರಿಸಿ, ಮೇಲೊಂದು ಸಾಲು ಕಿಟಕಿ ಇಟ್ಟು, ಇಳಿಜಾರು ಕಡಿಮೆಯಿರುವ ಸೀಸದ ಚಾವಣಿ ಹಾಕಿದರು. ಸೀಸಕ್ಕೆ ಕಡಿದಾದ ಇಳಿಜಾರು ಆಗದು. ಬಿಸಿಲಿಗೆ ಹಿಗ್ಗಿ, ತನ್ನ ಭಾರಕ್ಕೇ ಕೆಳಗೆ ಜಾರುತ್ತದೆ. ನಾಲ್ಕೂ ಅಂಚಿಗೆ ಮೊಳೆ ಹೊಡೆದರೆ ಹಿಗ್ಗಲು ಜಾಗವಿಲ್ಲದೆ ಸೀಳುತ್ತದೆ.

ಲೆಕ್ಕದಪುಸ್ತಕ:
ದುಡ್ಡಿನ ಪ್ರಶ್ನೆಗೆ ಡೆವನ್ನಿನ ಮೋರ್‌ಬಾತ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 33 ಮನೆಗಳ ಊರು, ಸಂತ ಜಾರ್ಜನ ಚರ್ಚು. 1520ರಿಂದ 1574ರವರೆಗೆ ಕ್ರಿಸ್ಟೋಫರ್ ಟ್ರಿಕಿ ಎಂಬ ಒಬ್ಬರೇ ಪಾದ್ರಿ. ಚರ್ಚಿನ ಹಣಕಾಸು ನೋಡಿಕೊಳ್ಳುವ ಊರವರಾದ ವಾರ್ಡನ್‌ಗಳ ಲೆಕ್ಕವನ್ನು ಅವರೇ ಬರೆದು ಊರವರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು.

ಅಲ್ಲಿ ಒಂದೇ ಹುಂಡಿ ಇರಲಿಲ್ಲ, ‘ಸ್ಟೋರ್’ ಎನ್ನುವ ಹಲವು ಸಣ್ಣ ನಿಧಿಗಳಿದ್ದವು. ಮೇರಿ ಮಾತೆಗೊಂದು, ಸಂತ ಸಿಡ್‌ವೆಲ್‌ಗೊಂದು, ಮದುವೆಯಾಗದ ಗಂಡುಹುಡುಗರಿಗೊಂದು, ಹೆಣ್ಣುಮಕ್ಕಳಿಗೊಂದು. ಆಯಾ ಮೂರ್ತಿಯ ಮುಂದೆ ಮೇಣದ ದೀಪ ಆರದಂತೆ ನೋಡುವುದು ಅವುಗಳ ಮೊದಲ ಕೆಲಸ. ಕೆಲವು ನಿಧಿಗಳ ಬಂಡವಾಳ ಕುರಿ. ಸಂತನ ಕುರಿಗಳು ಒಂದೇ ದೊಡ್ಡಿಯಲ್ಲಿರದೆ, ಒಂದೊಂದಾಗಿ ರೈತರ ಮಂದೆಗಳಲ್ಲಿ ಹಂಚಿಕೊಂಡು ಮೇಯುತ್ತಿದ್ದವು. ರೋಗ ಬಂದರೆ ಎಲ್ಲ ಒಟ್ಟಿಗೆ ಸಾಯವು, ಮೇವಿನ ಹೊರೆ ಒಬ್ಬನ ಮೇಲೆ ಬೀಳದು. ಯಾರ ಬಳಿ ಎಷ್ಟಿವೆ, ಎಷ್ಟು ಸತ್ತವು, ಉಣ್ಣೆ ಎಷ್ಟಕ್ಕೆ ಹೋಯಿತು, ಎಲ್ಲಕ್ಕೂ ಲೆಕ್ಕ. ಹೀಗಾಗಿ ಬಡ ಮನೆಯವನೂ ಚರ್ಚಿನ ಒಂದು ಕುರಿಯನ್ನಾದರೂ ಸಾಕುತ್ತಿದ್ದ. ಆ ಕಟ್ಟಡ ‘ನಮ್ಮದು’ ಅನ್ನಿಸಿದ್ದು ಇಂಥ ದಿನನಿತ್ಯದ ಕೆಲಸದಿಂದ ಅಂತ ನನ್ನ ಖಚಿತ ಅಭಿಪ್ರಾಯ.

ದೊಡ್ಡ ವರಮಾನ ‘ಚರ್ಚ್ ಏಲ್’ ಎಂಬ ಹಬ್ಬದ್ದು. ಏಲ್ ಅಂದರೆ ಮಾಲ್ಟ್‌ನಿಂದ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ) ಮಾಡುವ ಬಿಯರ್‌ನಂಥ ಪಾನೀಯ. ಊರವರು ಮಾಲ್ಟ್ ಕೂಡಿಸಿ, ಚರ್ಚ್ ಹೌಸ್‌ನಲ್ಲಿ (ಚರ್ಚಿಗೆ ಸೇರಿದ, ಊರವರು ಕೂಡುವ ಮನೆಯಲ್ಲಿ) ಏಲ್ ಕುದಿಸಿ, ಹಬ್ಬ ಮಾಡಿ ಮಾರುತ್ತಿದ್ದರು. ಹಳೇ ಏಲ್‌ಗೆ ಕೆಡದಂತೆ ತಡೆಯುವ ಹಾಪ್ಸ್ ಹೂ ಹಾಕುತ್ತಿರಲಿಲ್ಲ, ನಾಲ್ಕಾರು ದಿನಕ್ಕೆ ಹುಳಿ ಬರುತ್ತದೆ. ಮಾಡಿದ್ದನ್ನು ಆಗಲೇ ಖಾಲಿ ಮಾಡಬೇಕು. ಅದಕ್ಕೆ ಅಕ್ಕಪಕ್ಕದ ಊರಿನವರನ್ನು ಕರೆಯುವುದು, ಅವರ ಏಲ್‌ಗೆ ಇವರು ಹೋಗಿ ದುಡ್ಡು ಕೊಟ್ಟು ಬರುವುದು ಅನಿವಾರ್ಯ. ಮಾಲ್ಟ್ ಕೆಟ್ಟರೆ, ಅದೇ ದಿನ ಪಕ್ಕದೂರಲ್ಲೂ ಏಲ್ ಬಿದ್ದರೆ, ವರ್ಷದ ಆದಾಯವೇ ಕುಸಿಯುತ್ತಿತ್ತು.

ಕಂಬದಸಾಲು:
ಹಾಗಾದರೆ ಈ ಏರ್ಪಾಟು ಮುರಿದದ್ದು ಹೇಗೆ? ಇನ್ನೊಂದು: ಕೆಲವು ಚರ್ಚುಗಳಲ್ಲಿ ಆಳೆತ್ತರಕ್ಕಿಂತ ಮೇಲೆ, ಗೋಡೆಯಲ್ಲಿ ಎಲ್ಲಿಗೂ ಹೋಗದ ಸಣ್ಣ ಬಾಗಿಲಿದೆಯಲ್ಲ, ಅದೇನು?

ಲೆಕ್ಕದಪುಸ್ತಕ:
ರಾಜ ಎಂಟನೇ ಹೆನ್ರಿಯ ಮತಸುಧಾರಣೆಯ ಕಾಲದಲ್ಲಿ, 1538ರಲ್ಲೇ, ಮೂರ್ತಿಗಳ ಮುಂದಿನ ದೀಪಗಳಿಗೆ ನಿಷೇಧ ಬಂತು. ದೀಪವೇ ಇಲ್ಲದ ಮೇಲೆ ಸ್ಟೋರ್ ಯಾಕೆ? 1547ರಲ್ಲಿ ಪ್ರೊಟೆಸ್ಟಂಟ್ ರಾಜ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದ ಮೇಲೆ ಮೋರ್‌ಬಾತ್‌ನಲ್ಲಿ ಉಳಿದ ಕುರಿಗಳನ್ನೂ ಮಾರಿದರು, ಏಲ್ ನಿಂತಿತು. ಸತ್ತವರ ಪೂಜೆಗೆ ಬೇಕಾದ ಕಪ್ಪು ಉಡುಪಿಗಾಗಿ ಸುಮಾರು 20 ವರ್ಷ ದುಡ್ಡು ಕೂಡಿಟ್ಟು, 1547ರಲ್ಲಿ ಕೊಂಡಿದ್ದರು. ಸ್ವಲ್ಪದರಲ್ಲೇ ಆ ಪೂಜೆಯೇ ನಿಂತುಹೋಯಿತು. 1549ರ ಜೂನ್ 9ರಂದು ಹೊಸ ಪ್ರಾರ್ಥನಾ ಪುಸ್ತಕ ಜಾರಿಗೆ ಬಂದಾಗ ಡೆವನ್, ಕಾರ್ನ್‌ವಾಲ್ ದಂಗೆಯೆದ್ದವು. ಈ ಪುಟ್ಟ ಊರೂ ಎಕ್ಸೆಟರ್ ಹೊರಗಿನ ಬಂಡಾಯದ ಶಿಬಿರಕ್ಕೆ ಐದು ಜನ ಯುವಕರನ್ನು ಕಳಿಸಿತು. ಅವರ ಖರ್ಚೂ ಅದೇ ಲೆಕ್ಕದಲ್ಲಿದೆ.

ಸುಣ್ಣದಗೂಡು:
ಆ ಬಾಗಿಲು ರೂಡ್ ಲಾಫ್ಟ್‌ನದು. ನೇವ್ ಮತ್ತು ಚಾನ್ಸೆಲ್ ನಡುವೆ ಮರದ ಜಾಲರಿ ಪರದೆ, ಅದರ ಮೇಲೆ ಅಟ್ಟ, ಅದಕ್ಕೂ ಮೇಲೆ ಶಿಲುಬೆಯ ಯೇಸು, ಎರಡು ಪಕ್ಕಕ್ಕೆ ಮೇರಿ ಮತ್ತು ಯೋಹಾನ. ಅಟ್ಟಕ್ಕೆ ಹತ್ತುವ ಮೆಟ್ಟಿಲು ಗೋಡೆಯ ದಪ್ಪದೊಳಗೆ. ಅಟ್ಟವನ್ನು ತೊಲೆಯ ಮಟ್ಟಕ್ಕೆ ಕಿತ್ತು, ಪರದೆ ಮಾತ್ರ ಉಳಿಸಿ ಎಂದು ರಾಣಿ ಎಲಿಜಬೆತ್ 1561ರಲ್ಲಿ ಆಜ್ಞೆ ಮಾಡಿದಳು. ಮೆಟ್ಟಿಲ ಬಾಗಿಲು ಗಾಳಿಯಲ್ಲಿ ಉಳಿಯಿತು.

ಅಟ್ಟದ ಹಿಂದಿನ ಕಮಾನಿನಲ್ಲಿ ಲೋಕದ ಕೊನೆಯಲ್ಲಿ ದೇವರು ಕೊಡುವ ಅಂತಿಮ ತೀರ್ಪಿನ ಚಿತ್ರ ಇರುತ್ತಿತ್ತು. ಸಫೋಕ್‌ನ ವೆನ್‌ಹಾಸ್ಟನ್‌ನಲ್ಲಿ ಅದು ಹಲಗೆಗಳ ಮೇಲಿತ್ತು, ಸುಣ್ಣ ಬಳಿದು ಮುಚ್ಚಿದ್ದರು. 1892ರಲ್ಲಿ ಹಲಗೆ ಕಿತ್ತು ಅಂಗಳಕ್ಕೆ ಹಾಕಿದಾಗ ರಾತ್ರಿ ಮಳೆ ಸುಣ್ಣ ತೊಳೆಯಿತು, ಬೆಳಗ್ಗೆ ಬಣ್ಣದ ಮುಖಗಳು ಕಂಡವು. ನಡುವೆ ಶಿಲುಬೆ ಮತ್ತು ಎರಡು ಆಕೃತಿಗಳ ಆಕಾರದಲ್ಲಿ ಖಾಲಿ ಜಾಗ ಇಂದಿಗೂ ಸ್ಪಷ್ಟ. ಮೂರ್ತಿಗಳು ನಿಂತಿದ್ದ ಜಾಗ ಅದೇ.

ಗಾರೆಕರಣಿ:
ಮೇಲಿನದಕ್ಕೆ ಒಂದು ಸೇರ್ಪಡೆ. ಗೋಡೆಯ ಚಿತ್ರಗಳಿಗೆ ಸುಣ್ಣದ ಹೊದಿಕೆಗಿಂತ ಹೆಚ್ಚು ಹಾನಿ ಮಾಡಿದ್ದು ಆಮೇಲಿನ ‘ರಕ್ಷಣೆ’. ಇವುಗಳಲ್ಲಿ ಹೆಚ್ಚಿನವು ಒಣ ಗಾರೆಯ ಮೇಲೆ ಬರೆದವು, ಬಣ್ಣ ಗಾರೆಯೊಳಗೆ ಇಳಿದಿಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ ಹೊಳಪು ಬರಲೆಂದು ಮೇಣ ಸವರಿದರು. ಗೋಡೆಯ ತೇವ ಹೊರಬರಲು ದಾರಿ ಮುಚ್ಚಿತು, ಮೇಣ ಧೂಳು ಹಿಡಿದು ಕಪ್ಪಾಯಿತು, ಬಣ್ಣ ಸಿಪ್ಪೆಯಾಗಿ ಏಳತೊಡಗಿತು.

ಹೊರಗೋಡೆಯಲ್ಲೂ ಇದೇ ಕತೆ. ಕಲ್ಲಿನ ಸಂದಿಗೆ ಒಂದು ಪಾಲು ಸುಣ್ಣ, ಸುಮಾರು ಮೂರು ಪಾಲು ಚೂಪು ಮರಳಿನ ಗಾರೆ ಇದ್ದಾಗ ನೀರು ಸಂದಿಯಿಂದ ಆವಿಯಾಗುತ್ತಿತ್ತು. ಅದನ್ನು ಕೆದಕಿ ಸಿಮೆಂಟ್ ತುಂಬಿದ ಕಡೆ ನೀರು ಕಲ್ಲಿನ ಮೂಲಕವೇ ಹೊರಬರಬೇಕು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕಲ್ಲಿನ ಮೈ ಉದುರುತ್ತದೆ. ಕಲ್ಲು ಒಳಕ್ಕೆ ಸವೆದು, ಸಿಮೆಂಟಿನ ಗೆರೆಗಳು ಜೇನುಹುಟ್ಟಿನಂತೆ ಹೊರಗೆ ಎದ್ದು ನಿಂತಿದ್ದರೆ ಕಾರಣ ಬಹುಮಟ್ಟಿಗೆ ಅದೇ.