ಮೂರು ನಿಮಿಷದ ವಿಡಿಯೋ, ಐದೂವರೆ ತಿಂಗಳ ಬೆನ್ನು

ನನಗೆ ಬೈಪಾಸ್ ಆಗಿ ಐದೂವರೆ ತಿಂಗಳು. ಹೃದಯ ಚೆನ್ನಾಗಿದೆ. ಕುತ್ತಿಗೆ, ಬೆನ್ನು ಮಾತ್ರ ಇನ್ನೂ ದಾರಿಗೆ ಬಂದಿಲ್ಲ. ಮೊನ್ನೆ ರಾತ್ರಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು. ಹೆಚ್ಚುಕಡಿಮೆ ಹಾಗೆಯೇ ಇಳಿಸಿದ್ದೇನೆ. ಹೆಸರಿನ ಬದಲು ಸಂಬಂಧ ಹಾಕಿದ್ದೇನೆ. ಪುಟ್ಟಿ ಅಂದರೆ ಅಕ್ಕ-ಭಾವನ ಮಗಳು, ಫಿಸಿಯೋಥೆರಪಿಸ್ಟ್. ಮಧ್ಯೆ ಬಂದ ಹೂವು, ಹೆಬ್ಬೆರಳು, ಕೈಮುಗಿದ ಚಿತ್ರಗಳನ್ನೆಲ್ಲ ತೆಗೆದಿದ್ದೇನೆ.

ಭಾವ: (ಫಾರ್ವರ್ಡ್ ವಿಡಿಯೋ) ಹೃದಯದ ಆಪರೇಷನ್ ನಂತರದ ಕುತ್ತಿಗೆ, ಬೆನ್ನು ನೋವು 3 ನಿಮಿಷದಲ್ಲಿ ಮಾಯ!! ಸಾವಿರಾರು ವರ್ಷಗಳ ಹಳೆಯ ವಿದ್ಯೆ. ಡಾಕ್ಟರು ಹೇಳದ ಗುಟ್ಟು.

ಭಾವ: ಇದು ನಿನಗೇ ಕಣಯ್ಯ. ಪೂರ್ತಿ ನೋಡು. ಕೊನೆಯಲ್ಲಿ ಆ ಮನುಷ್ಯ ಎದ್ದು ಕುಣಿಯುತ್ತಾನೆ.

ವಿಡಿಯೋದಲ್ಲಿ ಇದ್ದದ್ದು ಇಷ್ಟೇ. ಒಬ್ಬ ಕುರ್ಚಿಯಲ್ಲಿ ಕೂತಿದ್ದಾನೆ. ಇನ್ನೊಬ್ಬ ಹಿಂದೆ ನಿಂತು, ಗದ್ದ ಹಿಡಿದು, ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ, ಇದ್ದಕ್ಕಿದ್ದ ಹಾಗೆ ಒಂದು ಜರ್ಕ್ ಕೊಡುತ್ತಾನೆ. ನೆಟಿಕೆ ಮುರಿದ ಹಾಗೆ ಲಟಕ್ ಅಂತ ಸದ್ದು. ಆಮೇಲೆ ಸಂಗೀತ.

ನಾನು: ನೋಡಿದೆ ಭಾವ. ನೋಡುತ್ತಿದ್ದ ಹಾಗೆ ನನ್ನ ಕುತ್ತಿಗೆ ಇನ್ನಷ್ಟು ಬಿಗಿಯಿತು.

ನಾನು: ಅಂದ ಹಾಗೆ, ಸಾವಿರಾರು ವರ್ಷ ಹೇಗೆ? ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಹಾಕುವ ಬೈಪಾಸನ್ನು ಸರ್ಜನ್ ರೆನೆ ಫವಲೋರೊ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮಾಡಿದ್ದು 1967ರಲ್ಲಿ. ಅದಕ್ಕೂ ಮೊದಲೇ ಅದರ ನೋವಿಗೆ ಮದ್ದು ಹುಡುಕಿಟ್ಟವರು ಯಾರು?

ಭಾವ: ನೀನು ವರ್ಷ ಲೆಕ್ಕ ಹಾಕುತ್ತಾ ಕೂರು. ಬೆನ್ನು ಹಿಡಿದುಕೊಂಡೇ ಇರು.

ಪುಟ್ಟಿ: ಅಪ್ಪಾ, ಮೊದಲು ಇದನ್ನು ಅಳಿಸು.

ಭಾವ: ಯಾಕೆ? ಕೆಳಗೆ ನೋಡು, ಎಷ್ಟೊಂದು ಜನ ಧನ್ಯವಾದ ಹೇಳಿದ್ದಾರೆ.

ಪುಟ್ಟಿ: ಮೆದುಳಿಗೆ ಹೋಗುವ ರಕ್ತನಾಳಗಳು ಕುತ್ತಿಗೆಯಲ್ಲೇ ಇರುವುದು. ಹೀಗೆ ಜರ್ಕ್ ಕೊಟ್ಟಾಗ ಅಪರೂಪಕ್ಕೆ ಅದರ ಒಳಪದರ ಸೀಳಿ ಪಾರ್ಶ್ವವಾಯು ಆದದ್ದಿದೆ. ಮಾವ ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಮಾತ್ರೆ ತಗೊಳ್ಳುತ್ತಿದ್ದಾರೆ. ಅವರ ಕುತ್ತಿಗೆ ಮುಟ್ಟಿದರೆ ನೋಡು.

ಭಾವ: ನಾನೇನು ನಾನೇ ಮುರಿಯುತ್ತೇನೆ ಅಂದೆನಾ?

ತಮ್ಮ: ನೀವಿಬ್ಬರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ಎಡಭುಜ, ಬೆನ್ನು, ಕುತ್ತಿಗೆ. ಇದು ಹೃದಯದ್ದೇ ನೋವು ಯಾಕಾಗಿರಬಾರದು? ಅಣ್ಣ, ನಾಳೆ ಬೆಳಗ್ಗೆಯೇ ಇಸಿಜಿ ಮಾಡಿಸು. ನಾನು ಬರುತ್ತೇನೆ.

ಪುಟ್ಟಿ: ಸಣ್ಣ ಮಾವ, ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಮಾವ, ನಿಜ ಹೇಳಿ. ಮೆಟ್ಟಿಲು ಹತ್ತಿದರೆ ನೋವು ಜಾಸ್ತಿ ಆಗುತ್ತಾ? ನಿಂತರೆ ಹೋಗುತ್ತಾ? ಉಸಿರು ಕಟ್ಟುವುದು, ಬೆವರುವುದು, ದವಡೆ ನೋಯುವುದು?

ನಾನು: ಏನೂ ಇಲ್ಲ. ಉಲ್ಟಾ. ನಡೆಯುವಾಗ ಹಗುರ. ಒಂದೇ ಕಡೆ ಕೂತರೆ, ಅದರಲ್ಲೂ ಸಂಜೆ ಹೊತ್ತು, ಎರಡು ರೆಕ್ಕೆ ಮೂಳೆಗಳ ಮಧ್ಯೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಎಡಗಡೆ ಜಾಸ್ತಿ. ಆ ಜಾಗ ಒತ್ತಿದರೆ ಇನ್ನೂ ನೋಯುತ್ತದೆ. ಮೂರನೇ ತಿಂಗಳ ತಪಾಸಣೆಯಲ್ಲಿ ಹೃದಯದ ಸ್ಕ್ಯಾನ್, ಎಕೋ, ಚೆನ್ನಾಗಿತ್ತು.

ಪುಟ್ಟಿ: ಒತ್ತಿದರೆ ನೋಯುವುದು, ಕೂತ ಭಂಗಿಗೆ ತಕ್ಕ ಹಾಗೆ ಬದಲಾಗುವುದು, ಇವೆಲ್ಲ ಮೂಳೆ, ಸ್ನಾಯುವಿನ ಲಕ್ಷಣ. ಆದರೂ ಡಾಕ್ಟರಿಗೆ ಹೇಳಲೇಬೇಕು. ಶ್ರಮಕ್ಕೆ ಬಂದು ವಿಶ್ರಾಂತಿಗೆ ಹೋಗುವ ನೋವು, ಉಸಿರಾಟದ ತೊಂದರೆ, ಜ್ವರ, ಗಾಯದಿಂದ ಕೀವು, ಎದೆಮೂಳೆ ಕಟಕ್ ಅನ್ನುವುದು, ಕೈಕಾಲಿನ ಬಲ ಇದ್ದಕ್ಕಿದ್ದ ಹಾಗೆ ಕುಂದುವುದು, ಇದರಲ್ಲಿ ಒಂದಿದ್ದರೂ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ.

ತಮ್ಮ: ಸರಿ. ಆದರೂ ಇಸಿಜಿ ಒಂದು ಇರಲಿ.

ಅಕ್ಕ: ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ ಕಣೋ. ಹೃದಯ ಕೈಯಲ್ಲಿ ಹಿಡಿದು ಸರಿ ಮಾಡಿ ಕಳಿಸಿದ್ದಾರೆ. ಬೆನ್ನು ನೋವು ಯಾರಿಗಿಲ್ಲ? ನನಗಿಲ್ವಾ? ಅದನ್ನೇ ಯೋಚಿಸುತ್ತಾ ಕೂತರೆ ಜಾಸ್ತಿನೇ ಆಗುತ್ತದೆ.

ಇದನ್ನು ಓದಿ ಫೋನ್ ಕೆಳಗಿಟ್ಟೆ. ಅಕ್ಕ ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೆ ಐದು ತಿಂಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದದ್ದೂ ಇದನ್ನೇ. ಬದುಕಿ ಬಂದವನು ಬೆನ್ನಿನ ಬಗ್ಗೆ ಗೊಣಗಬಾರದು ಅಂತ. ತಪಾಸಣೆಗೆ ಹೋದಾಗ ಡಾಕ್ಟರು ‘ಬೇರೆ ಏನಾದರೂ?’ ಅಂದರು. ‘ಏನಿಲ್ಲ’ ಅಂದುಬಿಟ್ಟೆ.

ನನ್ನವಳು: ಅತ್ತಿಗೆ, ಇವರು ಈ ಗುಂಪಿನಲ್ಲಿ ಹೇಳುವುದು ಕಾಲು ಭಾಗ. ನಾನು ನೋಡುತ್ತಿರುವುದನ್ನು ಹೇಳುತ್ತೇನೆ. ಸ್ನಾನ ಆದ ಮೇಲೆ ಟವೆಲ್ ಹಿಡಿದ ಕೈ ತಲೆಗೆ ಹೋಗುವುದಿಲ್ಲ, ತಲೆಯೇ ಟವೆಲ್ ಹತ್ತಿರ ಬರುತ್ತದೆ. ಕಾರು ಹಿಂದಕ್ಕೆ ತೆಗೆಯುವಾಗ ಕುತ್ತಿಗೆ ತಿರುಗುವುದಿಲ್ಲ, ಸೊಂಟದಿಂದ ಮೇಲೆ ಇಡೀ ಮನುಷ್ಯ ತಿರುಗುತ್ತಾರೆ, ಬೀರು ತಿರುಗಿದ ಹಾಗೆ. ಮಲಗುವುದು ಈಗಲೂ ಆರಾಮ ಕುರ್ಚಿಯಲ್ಲೇ. ಸೀನು ಬಂದರೆ ಈಗಲೂ ದಿಂಬು ಎದೆಗೆ.

ಅಕ್ಕ: ಅಯ್ಯೋ. ಇದೆಲ್ಲ ಗೊತ್ತಿರಲಿಲ್ಲ.

ಪುಟ್ಟಿ: ಅಮ್ಮಾ, ಇದು ಮನಸ್ಸಿನ ನೋವಲ್ಲ. ಆಪರೇಷನ್ನಲ್ಲಿ ಎದೆಮೂಳೆಯನ್ನು ಉದ್ದಕ್ಕೆ ಕೊಯ್ದು ಎರಡು ಕಡೆ ಅಗಲಿಸಿ ಗಂಟೆಗಟ್ಟಲೆ ಹಾಗೇ ಹಿಡಿದಿರುತ್ತಾರೆ. ಪಕ್ಕೆಲುಬುಗಳು ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡಿವೆ ಅಲ್ವಾ? ಮುಂದೆ ಬಾಗಿಲು ತೆರೆದರೆ ತಿರುಗುವುದು ಹಿಂದಿನ ಕೀಲು. ಕೊಯ್ದದ್ದು ಎದೆ, ಉಳುಕಿದ್ದು ಬೆನ್ನು.

ಪುಟ್ಟಿ: ಎಡಗಡೆ ಯಾಕೆ ಜಾಸ್ತಿ ಅಂದರೆ, ಎಡ ಎದೆಗೋಡೆಯ ಒಳಗಿನಿಂದ ಒಂದು ರಕ್ತನಾಳ ಬಿಡಿಸಿ ಹೃದಯಕ್ಕೆ ಜೋಡಿಸಿದ್ದಾರೆ. ಅದನ್ನು ಬಿಡಿಸಲು ಆ ಕಡೆಯ ಪಕ್ಕೆಲುಬುಗಳನ್ನು ಇನ್ನೂ ಮೇಲೆ ಎತ್ತಬೇಕು.

ನಾನು: ಮೊದಲ ಎರಡು ತಿಂಗಳು ಎಡಗೈಯ ಉಂಗುರ ಬೆರಳು, ಕಿರುಬೆರಳು ಜುಮ್ ಅನ್ನುತ್ತಿದ್ದವು. ಆಮೇಲೆ ತಾನೇ ಹೋಯಿತು.

ಪುಟ್ಟಿ: ಅದೂ ಆ ಎಳೆತದ್ದೇ ಇರಬೇಕು. ಕೈಗೆ ಹೋಗುವ ನರಗಳು ಹೆಗಲ ಹತ್ತಿರವೇ ಹಾದು ಹೋಗುತ್ತವೆ. ಮೊದಲೇ ಯಾಕೆ ಹೇಳಲಿಲ್ಲ?

ಭಾವ: ಒಳಗೆ ತಂತಿ ಹಾಕಿ ಹೊಲಿದಿದ್ದಾರಂತಲ್ಲ. ಅದು ತುಕ್ಕು ಹಿಡಿದಿರಬಹುದು.

ಪುಟ್ಟಿ: ಸ್ಟೇನ್‌ಲೆಸ್ ಸ್ಟೀಲ್ ಅಪ್ಪಾ.

ಭಾವ: ಕೇಳಿದೆ ಅಷ್ಟೇ.

ಪುಟ್ಟಿ: ಆಪರೇಷನ್ ಆದ ದಿನದ ಎಳೆತ ಇಷ್ಟು ತಿಂಗಳು ಇರಬೇಕಾಗಿಲ್ಲ. ಆಮೇಲಿನದು ಮಾವನ ಅಭ್ಯಾಸ. ಎದೆ ಕಾಯಲು ಭುಜ ಮುಂದೆ ಬಾಗಿಸಿ, ಗದ್ದ ಮುಂದೆ ಚಾಚಿ ಕೂತರು. ಮೊದಲ ವಾರಗಳಲ್ಲಿ ಎಲ್ಲರೂ ಹಾಗೇ. ಎದೆಮೂಳೆ ಸುಮಾರು 3 ತಿಂಗಳಲ್ಲಿ ಗಟ್ಟಿಯಾಗಿ ಕೂಡುತ್ತದೆ. ಅದು ಕೂಡಿದ ಸುದ್ದಿ ಭುಜಕ್ಕೆ ಇನ್ನೂ ಮುಟ್ಟಿಲ್ಲ. ತಲೆಯೇ ನಾಲ್ಕೂವರೆ-ಐದು ಕೆಜಿ ಇರುತ್ತದೆ. ಅದನ್ನು ಮುಂದಕ್ಕೆ ನೇತುಹಾಕಿಕೊಂಡು ದಿನವಿಡೀ ಕೂತರೆ ಹಿಂದಿನ ಸ್ನಾಯು ಏನು ಮಾಡಬೇಕು?

ತಮ್ಮ: ಅಲ್ಲಿಯವರೆಗೆ ನೋವು ತಡೆಯುವುದು ಹೇಗೆ ಅಂತ ಹೇಳು. ಅಣ್ಣನಿಗೆ ಆ ಮಾತ್ರೆ ಚೆನ್ನಾಗಿ ಹಿಡಿಸಿತ್ತಲ್ಲ.

ಪುಟ್ಟಿ: ಯಾವ ಮಾತ್ರೆ?

ಇಲ್ಲಿ ಮೂರು ನಿಮಿಷ ಯಾರೂ ಏನೂ ಬರೆಯಲಿಲ್ಲ. ಮೇಲ್ಗಡೆ ‘ತಮ್ಮ ಟೈಪ್ ಮಾಡುತ್ತಿದ್ದಾರೆ’ ಅಂತ ಬರುತ್ತಿತ್ತು, ಹೋಗುತ್ತಿತ್ತು.

ಪುಟ್ಟಿ: ಯಾವ ಮಾತ್ರೆ ಮಾವ?

ನಾನು: ಡೈಕ್ಲೋಫೆನಾಕ್. ಇವನ ಮೊಣಕಾಲಿಗೆ ಬರೆದುಕೊಟ್ಟಿದ್ದು ಉಳಿದಿತ್ತು. ರಾತ್ರಿ ಒಂದು. ಹತ್ತು ದಿನ ಆಯಿತು.

ನನ್ನವಳು: ಹತ್ತು ದಿನ?? ನನಗೆ ವಿಟಮಿನ್ ಅಂದಿರಲ್ಲ.

ನಾನು: ಡಬ್ಬಿ ವಿಟಮಿನ್ನದ್ದೇ.

ಪುಟ್ಟಿ: ಮಾವ! ರಕ್ತ ಹೆಪ್ಪುಗಟ್ಟದ ಹಾಗೆ ತಗೊಳ್ಳುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡರ ಮೇಲೆ ಅದನ್ನು ಹಾಕಿಕೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೃದಯಕ್ಕೂ ಒಳ್ಳೆಯದಲ್ಲ. ಈ ಜಾತಿಯ ನೋವಿನ ಮಾತ್ರೆಗಳ ಮೇಲೆ ಹೃದಯಾಘಾತ, ಪಾರ್ಶ್ವವಾಯು, ಹೊಟ್ಟೆಯ ರಕ್ತಸ್ರಾವದ ಕಟ್ಟೆಚ್ಚರಿಕೆ ಅಚ್ಚಾಗಬೇಕು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಹೇಳಿದೆ. ಬೈಪಾಸ್ ಆಪರೇಷನ್ ಹೊತ್ತಿನಲ್ಲಂತೂ ಕೊಡಲೇಬಾರದು ಅಂತಲೂ ಇದೆ. ಐಬುಪ್ರೊಫೆನ್ ಕೂಡ ಅದೇ ಜಾತಿ. ಅದು ಆಸ್ಪಿರಿನ್ ಕೆಲಸಕ್ಕೂ ಅಡ್ಡ ಬರಬಹುದು.

ಭಾವ: ನನ್ನ ವಿಡಿಯೋ ಅಪಾಯ, ಇವರ ಮಾತ್ರೆ ಪರವಾಗಿಲ್ಲ. ಚೆನ್ನಾಗಿದೆ. ಇಸಿಜಿ ಇಸಿಜಿ ಅಂತ ಕೂಗುತ್ತಿದ್ದವರೇ ಕೊಟ್ಟದ್ದು.

ತಮ್ಮ: ಅಣ್ಣ ರಾತ್ರಿ ಫೋನ್ ಮಾಡಿ ನೋವು ಅಂದ. ನಾನೇನು ಮಾಡಲಿ? ನನಗೆ ಡಾಕ್ಟರೇ ಕೊಟ್ಟ ಮಾತ್ರೆ ಅದು.

ಪುಟ್ಟಿ: ನಿಮ್ಮ ಮೊಣಕಾಲಿಗೆ ಕೊಟ್ಟದ್ದು ಸಣ್ಣ ಮಾವ, ಅವರ ಎದೆಗಲ್ಲ. ಮಾವ, ಮಲ ಕಪ್ಪಗೆ ಹೋಗುತ್ತಿದೆಯಾ? ಹೊಟ್ಟೆ ಉರಿ? ತಲೆ ಸುತ್ತು?

ನಾನು: ಇಲ್ಲ. ನಿಜವಾಗಿ ಇಲ್ಲ.

ಪುಟ್ಟಿ: ಇವತ್ತೇ ನಿಲ್ಲಿಸಿ. ನಾಳೆ ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡಿ ಹತ್ತು ದಿನ ತಗೊಂಡದ್ದನ್ನು ಮುಚ್ಚಿಡದೆ ಹೇಳಿ. ಹೃದಯದ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಹೇಳುತ್ತಾರೆ. ಎಷ್ಟು, ಎಷ್ಟು ದಿನ ಅಂತ ಅವರನ್ನೇ ಕೇಳಿ. ಕೊಲೆಸ್ಟ್ರಾಲ್ ಮಾತ್ರೆಯಿಂದಲೂ ಕೆಲವರಿಗೆ ಮೈ ಕೈ ನೋವು ಬರುತ್ತದೆ. ಅದನ್ನೂ ಕೇಳಿ.

ನನ್ನವಳು: ಫೋನ್ ನಾನು ಮಾಡುತ್ತೇನೆ. ಇವರು ಮತ್ತೆ ‘ಏನಿಲ್ಲ’ ಅಂತಾರೆ.

ಅಕ್ಕ: ಬಿಸಿ ಶಾಖ ಕೊಡಬಹುದಾ ಪುಟ್ಟಿ?

ಪುಟ್ಟಿ: ಬೆನ್ನಿಗೆ ಹದವಾಗಿ ಕೊಡಬಹುದು, ಹದಿನೈದು ನಿಮಿಷ. ಎದೆಯ ಎಡಭಾಗ ಮರಗಟ್ಟಿದ ಹಾಗೆ ಇದ್ದರೆ ಅಲ್ಲಿ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ.

ನಾನು: ಮತ್ತೆ ನಾನು ಮಾಡಬೇಕಾದ್ದೇನು? ಬೇಡದ್ದರ ಪಟ್ಟಿ ದೊಡ್ಡದಾಯಿತು.

ಪುಟ್ಟಿ: ಮಾಡಬೇಕಾದ್ದು ಬಹಳ ಬೋರು, ವಿಡಿಯೋ ಮಾಡಿದರೆ ಯಾರೂ ನೋಡುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದೇಳಿ. ಎರಡು ರೆಕ್ಕೆ ಮೂಳೆಗಳನ್ನು ಹಿಂದೆ, ಸ್ವಲ್ಪ ಕೆಳಕ್ಕೆ ಸೇರಿಸಿ ಐದು ಎಣಿಸಿ ಬಿಡಿ. ಹತ್ತು ಸಲ. ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳಿ, ಕೆಳಕ್ಕಲ್ಲ, ಹಿಂದಕ್ಕೆ. ಕುರ್ಚಿಯಲ್ಲಿ ಕೂತು ಕೈಕಟ್ಟಿ ಎದೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಿ. ನಡೆಯುವಾಗ ಕೈ ಬೀಸಿ. ನೀವು ಕೈ ಎದೆಗೆ ಅಂಟಿಸಿಕೊಂಡು ನಡೆಯುತ್ತೀರಿ, ನಾನು ನೋಡಿದ್ದೇನೆ.

ಪುಟ್ಟಿ: ಎದೆಮೂಳೆ ಪೂರ್ತಿ ಕೂಡಿದೆ ಅಂತ ಸರ್ಜನ್ ಹೇಳಿದ ಮೇಲೆ ಬಾಗಿಲ ಚೌಕಟ್ಟು ಹಿಡಿದು ಎದೆ ಹಿಗ್ಗಿಸುವುದು ಶುರು ಮಾಡೋಣ. ಅಲ್ಲಿಯವರೆಗೆ ಬೇಡ. ಈಗ ಒಂದು ಕೆಲಸ ಮಾಡಿ. ಗೋಡೆಗೆ ಹಿಮ್ಮಡಿ, ಬೆನ್ನು ಒರಗಿಸಿ ನಿಲ್ಲಿ. ಮೇಲೆ ನೋಡಬೇಡಿ, ನೇರ ನೋಡಿ. ತಲೆಯ ಹಿಂಭಾಗ ಗೋಡೆಗೆ ತಾಗುತ್ತಾ?

ಎದ್ದು ಹೋಗಿ ನಿಂತೆ. ತಾಗುತ್ತದೆ ಅಂದುಕೊಂಡಿದ್ದೆ. ಎಲ್ಲಿ ತಾಗುತ್ತದೆ! ನನ್ನವಳು ತಲೆಗೂ ಗೋಡೆಗೂ ಮಧ್ಯೆ ಬೆರಳು ಅಡ್ಡಕ್ಕೆ ಇಟ್ಟು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ನಾನು ನೆಟ್ಟಗೆ ನಿಂತಿದ್ದೇನೆ ಅಂತಲೇ ಇಷ್ಟು ದಿನ ನಂಬಿದ್ದೆ.

ನಾನು: ನಾಲ್ಕು ಬೆರಳು.

ಪುಟ್ಟಿ: ಬರೆದಿಡಿ. ವಾರಕ್ಕೊಮ್ಮೆ ನೋಡೋಣ. ಒತ್ತಿ ತಾಗಿಸಬೇಡಿ. ರಾತ್ರಿ ಕುರ್ಚಿ ಬಿಟ್ಟು ಹಾಸಿಗೆಗೆ ಬನ್ನಿ, ಮಂಡಿ ಕೆಳಗೆ ಒಂದು ದಿಂಬು, ತಲೆಗೆ ಒಂದೇ.

ಅಕ್ಕ: ತಪ್ಪು ತಿಳಿಯಬೇಡ ಕಣೋ. ನೀನು ಚೆನ್ನಾಗಿದ್ದೀಯ ಅಂದುಕೊಳ್ಳಬೇಕು ಅಂತ ನನಗೇ ಆಸೆ ಇತ್ತು. ಅದಕ್ಕೆ ಹಾಗಂದೆ.

ನಾನು: ಗೊತ್ತು ಅಕ್ಕ. ನನಗೂ ಅದೇ ಆಸೆ ಇತ್ತು.

ಆಮೇಲೆ ನೋಡಿದರೆ ಮೇಲಿದ್ದ ವಿಡಿಯೋ ಇರಲಿಲ್ಲ. ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಇತ್ತು. ಯಾರೂ ಆ ಬಗ್ಗೆ ಮಾತಾಡಲಿಲ್ಲ. ತಮ್ಮ ‘ಮಾತ್ರೆ ಹಾಳೆ ಕಸಕ್ಕೆ ಹಾಕಿದೆ’ ಅಂತ ಫೋಟೋ ಹಾಕಿದ. ಎಲ್ಲರೂ ಮಲಗಿದ್ದಾರೆ ಅಂದುಕೊಂಡೆ. ಹನ್ನೊಂದೂವರೆಗೆ ಮತ್ತೆ ಫೋನ್ ಟಿಂಗ್ ಅಂತು.

ಭಾವ: ಪುಟ್ಟಿ, ಎಚ್ಚರ ಇದ್ದೀಯಾ?

ಪುಟ್ಟಿ: ಹೇಳು ಅಪ್ಪಾ.

ಭಾವ: ನಾನೂ ಗೋಡೆಗೆ ನಿಂತು ನೋಡಿದೆ. ನಿನ್ನಮ್ಮ ಎಣಿಸಿದಳು. ಐದು ಬೆರಳು.

ಭಾವ: ನನಗೆ ಯಾವ ಆಪರೇಷನ್ನೂ ಆಗಿಲ್ಲವಲ್ಲ?