ಸಂಡೂರು ಬೆಟ್ಟಸಾಲಿನಲ್ಲಿ ಪರಿಸರ ಪ್ರವಾಸ: ಊರಿನವರೇ ನಡೆಸುವುದಾದರೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ · ಸ್ವಾಮಿಮಲೆ ಬುಡ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನಲ್ಲಿ ಸ್ವಾಮಿಮಲೆ ಕಾಡಿನ ಅಂಚಿನ ಊರು ನಮ್ಮದು. ಗ್ರಾಮ ಅರಣ್ಯ ಸಮಿತಿಯ ಕೆಲವರು, ಒಂದು ಸ್ತ್ರೀಶಕ್ತಿ ಸಂಘ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಐದಾರು ಹುಡುಗರು ಸೇರಿ, ಮಳೆಗಾಲದಲ್ಲಿ ಬೆಟ್ಟ ನೋಡಲು ಬರುವವರಿಗೆ ದಾರಿ ತೋರಿಸುವುದು, ತಿಂಡಿ ಊಟ ಕೊಡುವುದು ಶುರು ಮಾಡಬೇಕೆಂದಿದ್ದೇವೆ. ಹಂಪಿ ಇಲ್ಲಿಂದ ಒಂದು ಗಂಟೆ ಚಿಲ್ಲರೆ ದಾರಿ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ಸಂಡೂರು ಅಂದರೆ ಗಣಿ ಅಷ್ಟೇ. ಕಣಿವೆ, ನಾರಿಹಳ್ಳ, ಕುಮಾರಸ್ವಾಮಿ ದೇವಸ್ಥಾನ, ಸೆಪ್ಟೆಂಬರಿನ ಹಸಿರು ಇವು ಯಾವುವೂ ಗೊತ್ತಿಲ್ಲ.

ಕೇಳಬೇಕಾದ್ದು ಇಷ್ಟು. ಅನುಮತಿ ಯಾರ ಹತ್ತಿರ, ಯಾವ ಕ್ರಮದಲ್ಲಿ ಕೇಳಬೇಕು? ಕಾಲುದಾರಿ ಹೇಗೆ ಮಾಡಿದರೆ ಎರಡು ಮಳೆಗೆ ಕೊಚ್ಚಿ ಹೋಗುವುದಿಲ್ಲ? ದಿನಕ್ಕೆ ಎಷ್ಟು ಜನರನ್ನು ಬಿಡಬಹುದು? ಇದರಲ್ಲಿ ನಿಜವಾಗಿ ಎಷ್ಟು ಉಳಿಯುತ್ತದೆ? ತಿಳಿದವರು ಬಿಡಿಸಿ ಹೇಳಿ.

ಉತ್ತರ · ಕಾಡುದಾರಿ

ಮೊದಲು ನಕ್ಷೆ, ಆಮೇಲೆ ಅರ್ಜಿ. ಸಂಡೂರಿನಲ್ಲಿ ಮೀಸಲು ಅರಣ್ಯ, ಗಣಿ ಗುತ್ತಿಗೆ, ಕಂದಾಯ ಭೂಮಿ, ಪಟ್ಟಾ ಜಮೀನು ಒಂದರೊಳಗೊಂದು ಹೆಣೆದುಕೊಂಡಿವೆ. ನೀವು ಅಂದುಕೊಂಡ ದಾರಿಯನ್ನು ಒಬ್ಬರು ಜಿಪಿಎಸ್ ಹಿಡಿದು ನಡೆಯಲಿ, ಇನ್ನೊಬ್ಬರು ದಿಶಾಂಕ್ ಆ್ಯಪ್ ತೆರೆದು ಎಲ್ಲಿ ಯಾವ ಸರ್ವೆ ನಂಬರ್ ಶುರುವಾಗುತ್ತದೆ ಎಂದು ಬರೆದುಕೊಳ್ಳಲಿ. ಗುತ್ತಿಗೆಯ ಗಡಿಕಲ್ಲು ಕಂಡಲ್ಲೆಲ್ಲ ಗುರುತು ಹಾಕಿ. ಗಡಿಯ ಒಳಗೆ ಹತ್ತು ಹೆಜ್ಜೆ ಹೋಗಿ ಬರುವ ದಾರಿಯಾದರೂ ಬೇಡ. ಅಲ್ಲಿ ಸ್ಫೋಟದ ಹೊತ್ತು ಅವರು ನಿರ್ಧರಿಸುವುದು, ನಿಮ್ಮ ಕೈಯಲ್ಲಿಲ್ಲ. ಬಿಟ್ಟುಹೋದ ಹಳೆಯ ಗುಂಡಿಗಳ ಅಂಚು ಇನ್ನೂ ಅಪಾಯ. ಮೇಲೆ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಸಡಿಲ ಹೂಳು ಇರುತ್ತದೆ, ಫೋಟೊಗೆಂದು ನಿಂತವರ ಸಮೇತ ಕುಸಿಯುತ್ತದೆ.

ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಜನರನ್ನು ಕರೆದುಕೊಂಡು ಹೋಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. "ನಮ್ಮೂರ ಕಾಡು, ನಾವು ದಿನಾ ಹೋಗುತ್ತೇವೆ" ಎಂಬ ವಾದ ದುಡ್ಡು ತೆಗೆದುಕೊಂಡು ಕರೆದೊಯ್ಯುವಾಗ ನಿಲ್ಲುವುದಿಲ್ಲ. ಗ್ರಾಮ ಅರಣ್ಯ ಸಮಿತಿಯ ಸಭೆಯಲ್ಲಿ ಠರಾವು ಮಾಡಿ, ನಕ್ಷೆ ಲಗತ್ತಿಸಿ, ವಲಯ ಅರಣ್ಯಾಧಿಕಾರಿಯ ಮೂಲಕ ಬಳ್ಳಾರಿಯ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಕಳಿಸಿ. ಅರ್ಜಿಯಲ್ಲಿ ದಾರಿಯ ಉದ್ದ, ತಿಂಗಳು, ಹೊತ್ತು, ದಿನದ ಜನ, ಗೈಡ್‌ಗಳ ಹೆಸರು, ಕಸದ ವ್ಯವಸ್ಥೆ ಇರಲಿ. "ಪರಿಸರ ಪ್ರವಾಸೋದ್ಯಮಕ್ಕೆ ಅವಕಾಶ ಕೊಡಿ" ಎಂಬ ಎರಡು ಸಾಲಿನ ಅರ್ಜಿ ಮೇಜಿನ ಮೇಲೇ ಉಳಿಯುತ್ತದೆ, ಏಕೆಂದರೆ ಅದಕ್ಕೆ ಹೌದು ಎನ್ನಲು ಯಾವ ಅಧಿಕಾರಿಗೂ ಆಧಾರ ಇರುವುದಿಲ್ಲ. ಇಲಾಖೆ ಒಪ್ಪಿ ದಾರಿಯನ್ನು ಅಧಿಕೃತ ಚಾರಣ ಪಥಗಳಿಗೆ ಸೇರಿಸಿದರೆ ಟಿಕೆಟ್ 'ಅರಣ್ಯ ವಿಹಾರ' ಜಾಲತಾಣದಲ್ಲಿ ಸಿಗುವಂತಾಗುತ್ತದೆ. ಆಗ ಜನಸಂಖ್ಯೆಯ ಮಿತಿ ಮುರಿಯುವ ಒತ್ತಡ ನಿಮ್ಮ ಮೇಲೆ ಬರುವುದಿಲ್ಲ.

ಕಾಡಿನೊಳಗೆ ಕಟ್ಟಡ ಯಾವುದೂ ಬೇಡ. ಶೌಚಾಲಯ, ಪಾರ್ಕಿಂಗ್, ಟಿಕೆಟ್ ಕೋಣೆ ಎಲ್ಲ ಊರಿನ ಪಟ್ಟಾ ಅಥವಾ ಪಂಚಾಯ್ತಿ ಜಾಗದಲ್ಲಿರಲಿ.

ಒಂದು ಮಾತು ಸೇರಿಸುತ್ತೇನೆ. 2024ರಲ್ಲಿ ಇದೇ ಬೆಟ್ಟಸಾಲಿನ ದೇವದಾರಿ ಕಬ್ಬಿಣದ ಅದಿರಿನ ಗಣಿಗೆ ಸುಮಾರು 401 ಹೆಕ್ಟೇರ್ ಕಾಡು, 99 ಸಾವಿರದಷ್ಟು ಮರ ಹೋಗುತ್ತವೆಂದು ಚರ್ಚೆ ಎದ್ದಾಗ ಈ ಕಾಡಿನ ಪರವಾಗಿ ಹೇಳಲು ಮರದ ಲೆಕ್ಕ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಈ ಕಾಡಿನಿಂದ ಇಷ್ಟು ಮನೆಗೆ ಇಂತಿಷ್ಟು ಆದಾಯ ಎಂಬ ದಾಖಲೆ ಊರಿನ ಕೈಯಲ್ಲಿದ್ದರೆ ಮುಂದಿನ ಸಲ ಅದಕ್ಕೆ ತೂಕ ಬರುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ರಸೀದಿ ಪುಸ್ತಕ ಇಡಿ.

ಉತ್ತರ · ಮಣ್ಣು ಮೇಸ್ತ್ರಿ

ಕಾಲುದಾರಿ ವಿಷಯ ನಾನು ಹೇಳುತ್ತೇನೆ. ಸಂಡೂರಿನ ಇಳಿಜಾರಿನಲ್ಲಿ ತೊಂದರೆ ಎರಡು. ಒಂದು, ಕಬ್ಬಿಣದ ಅದಿರಿನ ಸಣ್ಣ ದುಂಡು ಹರಳು, ಒಣಗಿದಾಗ ಕಾಲಡಿಯಲ್ಲಿ ಉರುಳುತ್ತದೆ. ಇನ್ನೊಂದು, ಅದರ ಕೆಳಗಿನ ಕೆಂಪು ಮಣ್ಣು, ನೆನೆದರೆ ಜಾರುತ್ತದೆ. ದನ, ಮೇಕೆ ಹತ್ತುವ ಹಳೆಯ ದಾರಿ ಬಹುಪಾಲು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಅದನ್ನೇ ಅಗಲ ಮಾಡಿದರೆ ಒಂದೇ ಮಳೆಗಾಲದಲ್ಲಿ ಅದು ಹಳ್ಳವಾಗುತ್ತದೆ. ಜನ ಪಕ್ಕಕ್ಕೆ ಸರಿದು ನಡೆಯುತ್ತಾರೆ, ಎರಡನೇ ಹಳ್ಳ ಬೀಳುತ್ತದೆ, ಕೊನೆಗೆ ಹುಲ್ಲೇ ಹೋಗಿ ಅಲ್ಲಿ ಲಂಟಾನ ಬರುತ್ತದೆ.

ದಾರಿ ಇಳಿಜಾರಿಗೆ ಅಡ್ಡವಾಗಿ ಸಾಗಬೇಕು. ಸರಾಸರಿ ಏರು ನೂರು ಮೀಟರಿಗೆ ಹತ್ತು ಮೀಟರ್ ದಾಟಬಾರದು. ಬೆಟ್ಟದ ಮೈಯ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ದಾರಿಯ ಏರು ಹೆಚ್ಚಾದರೆ ನೀರು ದಾರಿಯನ್ನು ದಾಟಿ ಹೋಗುವ ಬದಲು ದಾರಿಯಲ್ಲೇ ಹರಿಯುತ್ತದೆ. ಹಾಗಾಗಿ ಮೈ ಇಳಿಜಾರು ನೂರಕ್ಕೆ 12 ಮಾತ್ರ ಇರುವಲ್ಲಿ ದಾರಿ ನೂರಕ್ಕೆ 6 ದಾಟದಿರಲಿ. ಅಗಲ 80 ಸೆಂ.ಮೀ. ಸಾಕು. ಹೊರ ಅಂಚು ಒಳ ಅಂಚಿಗಿಂತ 4 ಸೆಂ.ಮೀ. ತಗ್ಗಿರಲಿ. 15ರಿಂದ 20 ಮೀಟರಿಗೊಮ್ಮೆ ದಾರಿಯನ್ನೇ ಮೂರ್ನಾಲ್ಕು ಮೀಟರ್ ಉದ್ದಕ್ಕೆ ತುಸು ಕೆಳಗಿಳಿಸಿ ಮತ್ತೆ ಏರಿಸಿ. ನೀರು ಆ ತಗ್ಗಿನಲ್ಲಿ ಹೊರಬೀಳುತ್ತದೆ. ಅಡ್ಡ ಕಲ್ಲು ಹೂತು ಮಾಡುವ ಕಟ್ಟೆಗಿಂತ ಇದು ಎಷ್ಟೋ ವಾಸಿ, ಕಟ್ಟೆಯ ಹಿಂದೆ ಹೂಳು ತುಂಬಿದ ಮೇಲೆ ನೀರು ಅದನ್ನು ಹತ್ತಿ ದಾಟುತ್ತದೆ.

ಸಲಕರಣೆ ದೊಡ್ಡದೇನಲ್ಲ. ಗುದ್ದಲಿ, ಪಿಕಾಸಿ, ಹಾರೆ, ಕಟ್ಟಡದ ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬ್ ಲೆವೆಲ್. ಮೊದಲು ಬಣ್ಣದ ದಾರ ಕಟ್ಟಿ ಪೂರ್ತಿ ದಾರಿ ಗುರುತಿಸಿ, ಜೋರು ಮಳೆ ಬೀಳುವಾಗ ಒಮ್ಮೆ ನಡೆದು ನೋಡಿ, ಆಮೇಲೆ ಅಗೆಯಿರಿ. ಅಗೆದ ಮಣ್ಣನ್ನು ಹೊರ ಅಂಚಿಗೆ ರಾಶಿ ಹಾಕಬೇಡಿ, ಅದು ಬದುವಾಗಿ ನೀರನ್ನು ದಾರಿಯೊಳಗೇ ಹಿಡಿದಿಡುತ್ತದೆ. ಕೆಳಗಿನ ಇಳಿಜಾರಿಗೆ ತೆಳ್ಳಗೆ ಹರಡಿ.

ಜನಸಂಖ್ಯೆಗೆ ಸರಳ ಲೆಕ್ಕ. ಬೆಳಿಗ್ಗೆ 7ರಿಂದ 9ರವರೆಗೆ ಅರ್ಧ ಗಂಟೆಗೊಂದು ಗುಂಪು ಬಿಟ್ಟರೆ ಐದು ಗುಂಪು. ಗುಂಪಿಗೆ ಎಂಟು ಜನ, ಮುಂದೊಬ್ಬರು ಹಿಂದೊಬ್ಬರು ಗೈಡ್. ಒಟ್ಟು 40 ಜನ. ಅರ್ಧ ಗಂಟೆ ಏಕೆಂದರೆ ಏರುದಾರಿಯಲ್ಲಿ ನಿಧಾನದ ಗುಂಪನ್ನು ಹಿಂದಿನವರು ಮುಟ್ಟಬಾರದು. ಮುಟ್ಟಿದರೆ ದಾರಿ ಬಿಟ್ಟು ಹುಲ್ಲಿನ ಮೇಲೆ ಹಾಯುತ್ತಾರೆ. ಹಿಂದಿನ ದಿನ 30 ಮಿ.ಮೀ.ಗಿಂತ ಹೆಚ್ಚು ಮಳೆಯಾಗಿದ್ದರೆ ಏರುದಾರಿ ಬಂದ್ ಎಂದು ನಿಯಮ ಮಾಡಿಕೊಳ್ಳಿ. ಅಂಗಳದಲ್ಲೊಂದು ಮಳೆಮಾಪಕ ಇಡಿ, ಕಣ್ಣಂದಾಜು ಬೇಡ.

ಪ್ರಶ್ನೆ ಕೇಳಿದವರು · ಸ್ವಾಮಿಮಲೆ ಬುಡ

ಇಬ್ಬರಿಗೂ ಧನ್ಯವಾದ ಸರ್. ಎರಡು ಅನುಮಾನ ಉಳಿದಿವೆ. ಕರಡಿ ಇರುವ ಜಾಗ, ಬೆಳಗಿನ ಹೊತ್ತು ಸರಿಯೇ? ರಾಮನದುರ್ಗದ ಮೇಲೆ ಟೆಂಟ್ ಹಾಕಿ ರಾತ್ರಿ ಉಳಿಸಿ ಎಂದು ಹಲವರು ಕೇಳುತ್ತಿದ್ದಾರೆ, ಅದು?

ಉತ್ತರ · ಪಿಕಳಾರ

ಟೆಂಟ್ ಬೇಡ. ರಾಮನದುರ್ಗ ಸುಮಾರು 990 ಮೀಟರ್ ಎತ್ತರ. ಬಳ್ಳಾರಿಯ ಸೈನಿಕರ ಆರೋಗ್ಯಧಾಮವಾಗಿ ಬ್ರಿಟಿಷರು ಬಳಸಿದ ಜಾಗ, ಇತಿಹಾಸ ಹೇಳಲು ಚೆನ್ನಾಗಿದೆ. ಆದರೆ ಸುತ್ತ ಗಣಿ ಗುತ್ತಿಗೆಗಳಿವೆ, ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ ಕತ್ತಲಲ್ಲಿ ಕೆಳಗಿಳಿಸಬೇಕು. ಬೆಂಕಿ ಹಾಕುವುದನ್ನು, ಕುಡಿಯುವುದನ್ನು ಒಬ್ಬಿಬ್ಬರು ಗೈಡ್‌ಗಳು ತಡೆಯಲಾರರು. ರಾತ್ರಿ ಉಳಿಯುವವರು ಊರಿನ ಮನೆಯಲ್ಲಿ ಉಳಿಯಲಿ.

ಕರಡಿ ಮುಖ್ಯವಾಗಿ ಸಂಜೆಯಿಂದ ನಸುಕಿನವರೆಗೆ ಓಡಾಡುತ್ತದೆ, ಹಗಲು ಬಂಡೆಗಳ ಸಂದಿಯಲ್ಲಿ ಮಲಗುತ್ತದೆ. ಆದ್ದರಿಂದ ಹೊರಡುವುದು ಸೂರ್ಯ ಹುಟ್ಟಿ ಅರ್ಧ ಗಂಟೆಯ ಮೇಲೆ, ಸಂಜೆ 5ರೊಳಗೆ ಎಲ್ಲರೂ ಕೆಳಗೆ. ದಾರಿಯನ್ನು ಬಂಡೆ ರಾಶಿಗಳಿಂದ, ಗುಹೆಗಳಿಂದ ದೂರ ಒಯ್ಯಿರಿ. ಕರಡಿಗೆ ಕಿವಿ, ಕಣ್ಣು ಅಷ್ಟು ಚುರುಕಲ್ಲ, ಗಾಳಿ ಎದುರಿದ್ದರೆ ವಾಸನೆಯೂ ಸಿಗುವುದಿಲ್ಲ. ಹತ್ತು ಹೆಜ್ಜೆಯಲ್ಲಿ ಎದುರಾದರೆ ಅದು ಹೆದರಿ ಮೇಲೆ ಬೀಳುತ್ತದೆ. ತಿರುವಿನಲ್ಲಿ ಮುಂದಿನ ಗೈಡ್ ಜೋರಾಗಿ ಮಾತಾಡಬೇಕು, ಕೋಲಿನಿಂದ ಕಲ್ಲು ತಟ್ಟಬೇಕು. ಕಂಡರೆ ಓಡಬಾರದು, ಗುಂಪು ಒತ್ತಾಗಿ ನಿಂತು ನಿಧಾನ ಹಿಂದೆ ಸರಿಯಬೇಕು. ಹೊಸದಾಗಿ ಅಗೆದ ಹುತ್ತ, ಜಾನೆ, ಕವಳೆ, ಬಾರೆ ಹಣ್ಣಿನ ಬೀಜ ತುಂಬಿದ ಹಿಕ್ಕೆ ಕಂಡರೆ ಆ ವಾರ ಆ ಕವಲು ಬಿಟ್ಟುಬಿಡಿ. ಮಾರ್ಚ್‌ನಿಂದ ಮೇವರೆಗೆ ನಡಿಗೆಯನ್ನೇ ನಿಲ್ಲಿಸಿ. ಕಾಡಿನಲ್ಲಿ ನೀರು ಕಡಿಮೆ, ಇರುವ ನೀರಿನ ಹತ್ತಿರ ಪ್ರಾಣಿಗಳಿರುತ್ತವೆ, ಬೆಂಕಿಯ ಭಯವೂ ಆಗಲೇ.

ಪಕ್ಷಿ ನೋಡುವವರು ಸಂಡೂರಿಗೆ ಬರುವುದಕ್ಕೆ ಒಂದು ಕಾರಣ ಸಾಕು: ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಅಪಾಯದಲ್ಲಿರುವ ಜಾತಿ. ಇದನ್ನು ಕರೆಸಲು ಮೊಬೈಲಿನಲ್ಲಿ ಅದರದೇ ಕೂಗು ಹಾಕುವ ಚಟ ಛಾಯಾಗ್ರಾಹಕರಿಗಿದೆ. ಹಕ್ಕಿ ಅದನ್ನು ಎದುರಾಳಿ ಎಂದು ತಿಳಿದು ಮೇವು, ಗೂಡು ಬಿಟ್ಟು ಬರುತ್ತದೆ. ಟಿಕೆಟ್ ಹಿಂದೆಯೇ ಇದನ್ನು ನಿಷೇಧಿಸಿ ಅಚ್ಚು ಹಾಕಿಸಿ. ಕೊಂಡುಕುರಿ, ಚಿರತೆ ಕಾಣಿಸುತ್ತೇವೆ ಎಂದು ಮಾತ್ರ ಎಲ್ಲೂ ಬರೆಯಬೇಡಿ. ಕರಡಿಯನ್ನೇ ನೋಡಬೇಕೆನ್ನುವವರಿಗೆ ದರೋಜಿ ಧಾಮ ತೋರಿಸಿ, ಅಲ್ಲಿ ವೀಕ್ಷಣಾ ಗೋಪುರದಿಂದ ದೂರದಲ್ಲಿ ನೋಡುವ ವ್ಯವಸ್ಥೆ ಇದೆ.

ಒಂದು ವಿಷಯದಲ್ಲಿ ಮೇಸ್ತ್ರಿಯವರ ಲೆಕ್ಕಕ್ಕೆ ನನ್ನ ಒಪ್ಪಿಗೆ ಇಲ್ಲ. ನೆತ್ತಿಯ ಹುಲ್ಲುಗಾವಲಿಗೆ 40 ಜನ ಹೆಚ್ಚಾಯಿತು. ಸೆಪ್ಟೆಂಬರಿನಲ್ಲಿ ಅಲ್ಲಿ ನೆಲಕ್ಕೆ ಅಂಟಿದ ಹೂಗಿಡಗಳೇ ಹೆಚ್ಚು, ತುಳಿತ ತಡೆಯುವುದಿಲ್ಲ. ಕಣಿವೆ ಕಾಣುವ ಮೊದಲ ಕೋಡಿನವರೆಗೆ 40, ನೆತ್ತಿಗೆ ಎರಡೇ ಗುಂಪು.

ಉತ್ತರ · ಸೂಜಿದಾರ

ದುಡ್ಡಿನ ಮಾತಿಗೆ ಬರೋಣ. ತಲೆಗೆ 500 ರೂ. ಇಟ್ಟರೆ ಎಂಟು ಜನರ ಗುಂಪಿಗೆ 4,000. ಇಬ್ಬರು ಗೈಡ್‌ಗೆ 700ರಂತೆ 1,400. ತಿಂಡಿಗೆ 80ರಂತೆ 640. ಅರಣ್ಯ ಸಮಿತಿಯ ನಿಧಿಗೆ 800. ವಿಮೆ, ಪ್ರಥಮ ಚಿಕಿತ್ಸೆ, ಫೋನ್ ಖರ್ಚಿಗೆ 300. ಉಳಿಯುವುದು 860. ಇಲಾಖೆಯ ಶುಲ್ಕ ಇದರ ಹೊರಗೆ. ಆಗಸ್ಟ್‌ನಿಂದ ನವೆಂಬರ್‌ವರೆಗಿನ ಶನಿವಾರ ಭಾನುವಾರ ಸುಮಾರು 34 ದಿನ. ದಿನಕ್ಕೆ ಮೂರೇ ಗುಂಪು ಎಂದುಕೊಂಡರೆ ವರ್ಷಕ್ಕೆ 88 ಸಾವಿರದ ಹತ್ತಿರ ಸಂಘಕ್ಕೆ ಉಳಿತಾಯ, ಕೂಲಿ ಬೇರೆ. ಅಂದರೆ ಇದು ಒಕ್ಕಲುತನದ ಜೊತೆಗಿನ ಆದಾಯ. ಗಣಿ ಕೆಲಸ ಬಿಟ್ಟು ಇದಕ್ಕೇ ಬನ್ನಿ ಎಂದು ಹುಡುಗರಿಗೆ ಈಗಲೇ ಹೇಳಬೇಡಿ.

ಹಂಪಿಗೆ ಜನ ಹೆಚ್ಚು ಬರುವುದು ಅಕ್ಟೋಬರ್‌ನಿಂದ, ನಿಮ್ಮ ಹಸಿರು ನವೆಂಬರಿಗೆ ಮುಗಿಯುತ್ತದೆ. ಎರಡೂ ಕೂಡುವುದು ಎರಡೇ ತಿಂಗಳು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹೊಸಪೇಟೆ ಕಡೆಯಿಂದ ಬರುವವರಿಗೆ ಬೆಟ್ಟಕ್ಕಿಂತ ತಾಂಡಾದ ಕಸೂತಿ, ದೇವಸ್ಥಾನ, ನಾರಿಹಳ್ಳದ ಅಣೆಕಟ್ಟಿನ ದಂಡೆ ಸರಿ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಆ ಹೆಸರು ಹಾಕಿ ಮಾರಲು ಅಧಿಕೃತ ಬಳಕೆದಾರರಾಗಿ ನೋಂದಣಿ ಬೇಕು, ಹಾಗಾಗಿ ಸಂಡೂರು ಕುಶಲ ಕಲಾ ಕೇಂದ್ರದವರ ಜೊತೆ ಮಾತಾಡಿಕೊಳ್ಳಿ. ಎರಡು ಗಂಟೆಯ ಕಲಿಕೆಗೆ ಆರಿಂಚು ಚೌಕದ ದಪ್ಪ ಹತ್ತಿ ಬಟ್ಟೆ, ಎರಡು ಬಣ್ಣದ ದಾರ, ಒಂದು ಸೂಜಿ, ಒಂದು ಕನ್ನಡಿ ಬಿಲ್ಲೆ ಸಾಕು. ಹದಿನಾಲ್ಕು ಬಗೆ ಹೊಲಿಗೆಯಲ್ಲಿ ಕಿಲನ್, ವೆಲೆ ಎರಡನ್ನೇ ಕಲಿಸಿ. ಕನ್ನಡಿ ಕೂರಿಸುವುದನ್ನು ಮಾಡಿ ತೋರಿಸಿ, ಹೊಸಬರ ಕೈಯಲ್ಲಿ ಅದು ಸಡಿಲವಾಗಿ ಉದುರುತ್ತದೆ. ಕಲಿಸುವ ಅಕ್ಕನಿಗೆ ಗಂಟೆ ಲೆಕ್ಕದಲ್ಲಿ ಕೊಡಿ, ಬಟ್ಟೆ ಮಾರಾಟವಾದರೆ ಮಾತ್ರ ದುಡ್ಡು ಎಂಬ ಪದ್ಧತಿ ಬೇಡ.

ತಿಂಡಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಮುತ್ತುಗದ ಎಲೆ. ಬಾಟಲಿ ನೀರು ಮಾರಬೇಡಿ, ಕೆಳಗೇ ಎರಡು ಲೀಟರ್ ತುಂಬಿಸಿಕೊಂಡು ಹತ್ತಲಿ.

ಶೌಚಾಲಯ ಜೋಡಿ ಗುಂಡಿಯದ್ದು ಮಾಡಿ. ಗುಂಡಿ ಒಂದು ಮೀಟರ್ ವ್ಯಾಸ, ಎರಡರ ನಡುವೆ ಒಂದು ಮೀಟರ್ ಅಂತರ, ಒಳಗೋಡೆ ಜೇನುಗೂಡಿನಂತೆ ಸಂದಿ ಬಿಟ್ಟ ಇಟ್ಟಿಗೆ, ತಳಕ್ಕೆ ಸಿಮೆಂಟ್ ಹಾಕಬಾರದು. ಬಾವಿಯಿಂದ ಹತ್ತು ಮೀಟರಾದರೂ ದೂರ, ಬಿರುಕು ಬಿಟ್ಟ ಬಂಡೆ ನೆಲವಾದರೆ ಇನ್ನೂ ದೂರ. ಗಂಡಸರಿಗೆ ಮೂತ್ರಾಲಯ ಬೇರೆ ಮಾಡಿದರೆ ಗುಂಡಿ ಹೆಚ್ಚು ಕಾಲ ಬಾಳುತ್ತದೆ. ಅಗೆಯುವಾಗ ಅರ್ಧ ಮೀಟರಿಗೇ ಬಂಡೆ ಸಿಕ್ಕರೆ ಆ ಜಾಗ ಬಿಡಿ, ನೀರು ಇಂಗದೆ ಮೊದಲ ಮಳೆಗೇ ಉಕ್ಕುತ್ತದೆ. ಗಣಿಯವರು ಕಟ್ಟುವ ಹಣದಿಂದ ನಡೆಯುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ನೈರ್ಮಲ್ಯ, ಕೌಶಲ ತರಬೇತಿ ಎರಡೂ ಆದ್ಯತೆಯ ಪಟ್ಟಿಯಲ್ಲಿವೆ. ಶೌಚಾಲಯಕ್ಕೂ ಗೈಡ್ ತರಬೇತಿಗೂ ಪಂಚಾಯ್ತಿ ಠರಾವಿನೊಂದಿಗೆ ಬೇರೆ ಬೇರೆ ಪ್ರಸ್ತಾವ ಹಾಕಿ, ಒಂದಕ್ಕೆ ಆಕ್ಷೇಪಣೆ ಬಂದರೂ ಇನ್ನೊಂದು ನಿಲ್ಲುವುದಿಲ್ಲ.

ಮನೆಯಲ್ಲಿ ಅತಿಥಿಗಳನ್ನು ಉಳಿಸಿಕೊಳ್ಳುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಮಾಡಿಸಿ. ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು, ಪೊಲೀಸ್ ಮತ್ತು ಪಂಚಾಯ್ತಿಯ ನಿರಾಕ್ಷೇಪಣೆ ಬೇಕು. ಈ ಮಳೆಗಾಲಕ್ಕೆ ಎರಡು ಮನೆ ಸಾಕು.